ಕೋಟಿನಡಿಯ ಪಿಸ್ತೂಲು

ಆರ್ಲನ್ ವೀಡನ್‌ನ ಪಿಸ್ತೂಲು ಕೋಟಿನ ಮೇಲೆ ಉಬ್ಬಿ ಕಾಣುತ್ತದೆ ಎಂಬ ದೂರು ಮೊದಲು ಬಂದದ್ದು ಚರ್ಚಿನ ಹೆಂಗಸರಿಂದ. ಅವನ ಮುಖಕ್ಕೆ ಯಾರೂ ಹೇಳಲಿಲ್ಲ. ಪಿಯಾನೋ ನುಡಿಸುವಾಕೆ ಪಾಸ್ಟರರ ಹೆಂಡತಿಗೆ ಹೇಳಿದಳು, ಆಕೆ ಪಾಸ್ಟರರಿಗೆ ಹೇಳಿದಳು, ಅವರು ಅದನ್ನು ನಾರಿಸ್ ಜೆಂಟ್ರಿಯ ಕಿವಿಗೆ ಹಾಕಿದರು. ನಾರಿಸ್ ಷೆರೀಫನ ಕಚೇರಿಯಲ್ಲಿ ಪೊಲೀಸನಾಗಿದ್ದು ನಿವೃತ್ತನಾದವನು. ಚರ್ಚಿನ ಕಾವಲು ತಂಡ ಈಗ ಅವನ ಕೈಯಲ್ಲಿತ್ತು; ಆರ್ಲನ್ ಅದರಲ್ಲಿ ಒಬ್ಬ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅವನು ಆರ್ಲನ್‌ನನ್ನು ಟ್ರಕ್ಕುಗಳ ಮರೆಗೆ ಕರೆದ.

"ನಿನ್ನ ಸೊಂಟದಲ್ಲಿರೋದು ಪಿಸ್ತೂಲೋ ಇಲ್ಲ ಸ್ಪ್ಯಾನರ್ರೋ? ನೀನು ಬಗ್ಗಿ ಕಾಫಿ ಲೋಟ ಎತ್ಕೊಂಡ್ರೆ ಗೂನು ಬಂದ ಹಾಗೆ ಕಾಣ್ಸುತ್ತೆ ಕಣೋ."

"ಇಷ್ಟು ವರ್ಷದಿಂದ ಇದೇ ಅಲ್ವಾ ನಾರಿಸ್?"

"ಆಗ ನಿನಗೆ ಹೊಟ್ಟೆ ಇತ್ತು. ಅದರ ಮರೇಲಿ ಫಿರಂಗಿ ಇಟ್ಕೊಂಡಿದ್ರೂ ಗೊತ್ತಾಗ್ತಿರಲಿಲ್ಲ. ಈಗ ಒಳ್ಳೇ ಬೇಲಿ ಗೂಟದ ಥರ ಆಗಿದೀಯ. ಚಿಕ್ಕದೊಂದು ತಗೋ. ಈಗೆಲ್ಲ ಅಂಗೈ ಅಗಲದ್ದು ಬಂದಿದಾವೆ. ಮುಂದಿನ ತಿಂಗಳು ವರ್ಷದ ಗುರಿ ಪರೀಕ್ಷೆ ಇದೆಯಲ್ಲ, ಆ ಹೊಸದರಲ್ಲೇ ಹೊಡಿ."

ಆರ್ಲನ್ ಆಗಲಿ ಎಂದು ತಲೆಯಾಡಿಸಿದ. ಬಲಗೈಯನ್ನು ಕೋಟಿನ ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಅವನು ಕೌಂಟಿಯ ಮಣ್ಣುರಸ್ತೆಗಳನ್ನು ಸಮ ಮಾಡುವ ಗ್ರೇಡರ್ ಓಡಿಸುತ್ತಿದ್ದ. ಸೋಮವಾರದಿಂದ ಶುಕ್ರವಾರದ ತನಕ ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತು, ಗೋಧಿ ಹೊಲಗಳ ನಡುವೆ ಹೋಗಿ ಬಂದು ಮಾಡುವ ಕೆಲಸ. ಎದುರು ಬಂದ ಗಾಡಿಯವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಿದ್ದರು, ಅವನೂ ಒಂದು ಬೆರಳು ಎತ್ತುತ್ತಿದ್ದ. ಕೆಲವು ದಿನ ಅವನ ಪಾಲಿಗೆ ಬಂದ ಮಾತುಕತೆ ಅಷ್ಟೇ.

ಹೆಂಡತಿ ಮಾರ್ಲಾ ಅವನನ್ನು ಬಿಟ್ಟು ಹೋಗಿ ಬಹಳ ವರ್ಷವಾಗಿತ್ತು. ಜಗಳವೇನೂ ಆಗಿರಲಿಲ್ಲ. ವಿಚಿಟಾದಲ್ಲಿರುವ ತಂಗಿಯ ಮನೆಗೆ ಒಂದು ವಾರಕ್ಕೆಂದು ಹೋದವಳು ಅಲ್ಲೇ ಕೆಲಸ ಹಿಡಿದಳು. ಆಮೇಲೆ ಫೋನಿನಲ್ಲಿ, "ಆರ್ಲನ್, ನಿನ್ನ ಜೊತೆ ಇದ್ದಾಗಲೂ ನಾನೊಬ್ಬಳೇ ಇದ್ದೆ. ಇಲ್ಲಿ ಒಬ್ಬಳೇ ಇರೋದು ಅದಕ್ಕಿಂತ ಸುಲಭ," ಎಂದಳು. ಅದಕ್ಕೆ ಅವನು ಗ್ರೇಡರಿನಲ್ಲಿ ಕೂತು ಎಷ್ಟೋ ಉತ್ತರ ಹುಡುಕಿದ. ಅವನ್ನು ಹೇಳಿಸಿಕೊಳ್ಳುವವಳು ಇರಲಿಲ್ಲ.

ಅವಳು ಹೋದ ಮೇಲೂ ಕೆಲವು ತಿಂಗಳು ಅವನು ಚರ್ಚಿನಲ್ಲಿ ಅದೇ ಬೆಂಚಿನಲ್ಲಿ ಕೂತ. ಪಕ್ಕದ ಜಾಗಕ್ಕೆ ಯಾರೂ ಬರಲಿಲ್ಲ. ಅದು ಮಾರ್ಲಾಳ ಜಾಗವೆಂದು ಸಂಕೋಚವೋ, ಇವನಿಗೆ ಏನು ಹೇಳುವುದೆಂದು ತೋಚದೆಯೋ, ಎಲ್ಲರೂ ಒಂದು ನಗೆ ಬೀರಿ ಮುಂದಕ್ಕೆ ಹೋಗುತ್ತಿದ್ದರು. ಆ ಖಾಲಿ ಜಾಗದ ಜೊತೆ ಕೂತು ಕೀರ್ತನೆ ಹಾಡುವುದು ಅವನಿಂದ ಆಗಲಿಲ್ಲ. ಬರುವುದನ್ನೇ ಬಿಟ್ಟ. ಅದೇ ಹೊತ್ತಿಗೆ ಬೇರೆ ಯಾವುದೋ ರಾಜ್ಯದ ಚರ್ಚಿನಲ್ಲಿ ಗುಂಡು ಹಾರಿ ಜನ ಸತ್ತ ಸುದ್ದಿ ಬಂತು. ನಾರಿಸ್ ಪಿಸ್ತೂಲು ಹಿಡಿಯಬಲ್ಲ ಗಂಡಸರನ್ನು ಒಟ್ಟು ಮಾಡಿ ಕಾವಲು ತಂಡ ಕಟ್ಟಿದ. ಇವನ ಮನೆಗೂ ಬಂದು, "ನಿಂತ್ಕೊಂಡೇ ಇರೋದು ನಿನಗೆ ಕಷ್ಟ ಇಲ್ಲ ತಾನೆ?" ಎಂದು ಕೇಳಿದ.

ಕಷ್ಟವೇ? ಆರ್ಲನ್‌ಗೆ ಅದು ಉಸಿರು ಬಂದಂತಾಯಿತು. ಒಳಬಾಗಿಲ ಪಕ್ಕದಲ್ಲಿ ನಿಲ್ಲಬೇಕು, ಬಂದವರ ಕೈ ಕುಲುಕಬೇಕು, ಆ ದಿನದ ಹಾಡುಗಳ ಹಾಳೆ ಕೊಡಬೇಕು, ಕಣ್ಣು ಮಾತ್ರ ಎಲ್ಲ ಕಡೆ ಇರಬೇಕು. ಮುದುಕಿಯರು ಎರಡೂ ಕೈಯಲ್ಲಿ ಅವನ ಕೈ ಹಿಡಿದು ಮಂಡಿನೋವಿನ ಕಥೆ ಹೇಳುತ್ತಿದ್ದರು. ವಾರವಿಡೀ ಅವನನ್ನು ಮುಟ್ಟುತ್ತಿದ್ದದ್ದು ಆ ಕೈಗಳು ಮಾತ್ರ. ಪಿಸ್ತೂಲು ಒಂದು ನೆಪ ಎಂದು ಅವನಿಗೆ ತಿಳಿದಿತ್ತು. ಆದರೆ ಆ ನೆಪವಿಲ್ಲದೆ ಅಲ್ಲಿ ನಿಲ್ಲಲು ಅವನಿಗೆ ಬೇರೆ ಕಾರಣವೂ ಇರಲಿಲ್ಲ.

ಶನಿವಾರ ಅವನು ಟ್ವೈಲಾ ಬೇನ್ಸ್‌ಳ ಬಂದೂಕಿನ ಅಂಗಡಿಗೆ ಹೋದ. ಟ್ವೈಲಾ ಅವನ ಜೊತೆ ಶಾಲೆಯಲ್ಲಿ ಓದಿದವಳು. ಅಂಗಡಿಯ ಹಿಂದೆ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಗುರಿ ಹೊಡೆಯುವ ಸಾಲುಗಳಿದ್ದವು; ಕೊಳ್ಳುವ ಮೊದಲು ಅಲ್ಲಿ ಹೊಡೆದು ನೋಡಬಹುದಿತ್ತು.

"ಏನಪ್ಪಾ, ರಸ್ತೆ ರಾಜ! ನಮ್ಮನೆ ಮುಂದಿನ ಗುಂಡಿ ಯಾವಾಗ ಮುಚ್ತೀಯ?" ಎಂದಳು ಅವನು ಬಾಗಿಲು ನೂಕುವ ಮೊದಲೇ.

"ನೀನು ವೋಟು ಹಾಕಿದವರನ್ನ ಕೇಳು."

"ನಾನು ಹಾಕಿದವರು ಯಾವತ್ತೂ ಗೆದ್ದಿಲ್ಲ. ಏನು ಬೇಕು ಹೇಳು."

ಅವನು ಹೇಳಿದ. ಅವಳು ಗಾಜಿನ ಪೆಟ್ಟಿಗೆಯಿಂದ ಎರಡು ಪಿಸ್ತೂಲು ತೆಗೆದು, ಖಾಲಿ ಇವೆಯೆಂದು ತೋರಿಸಿ, ರಬ್ಬರ್ ಹಾಸಿನ ಮೇಲೆ ಜೋಡಿಸಿ ಇಟ್ಟಳು. ಒಂದು ಗ್ಲಾಕ್ ಕಂಪನಿಯದು, ಇನ್ನೊಂದು ಸಿಗ್ ಕಂಪನಿಯದು. ಎರಡೂ ಕಪ್ಪು, ಎರಡೂ ಬೆರಳಿನಷ್ಟೇ ದಪ್ಪ. ದೂರದಿಂದ ನೋಡಿದರೆ ಅವಳಿ ಮಕ್ಕಳ ಹಾಗೆ ಕಾಣುತ್ತಿದ್ದವು.

"ಇದರಲ್ಲಿ ಹತ್ತು ಗುಂಡು, ಇದರಲ್ಲಿ ಹನ್ನೆರಡು," ಎಂದಳು ಟ್ವೈಲಾ. "ಗ್ಲಾಕಿನ ಹಿಡಿ ಸ್ವಲ್ಪ ಚೌಕ. ಸಿಗ್ಗಿನದು ಗುಂಡಗಿದೆ. ಟ್ರಿಗರ್ರೂ ಒಂಚೂರು ಬೇರೆ ಥರ. ಅಂಗೈಗೆ ಯಾವುದು ಒಗ್ಗುತ್ತೋ ಅದನ್ನ ತಗೋ. ಇದರ ಮೇಲೆ ಇಂಟರ್ನೆಟ್ಟಲ್ಲಿ ಜನ ತಲೆ ಒಡ್ಕೊಳ್ತಾರೆ. ನನ್ನ ಕೇಳಿದ್ರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ."

ಅವನು ಎರಡನ್ನೂ ಹಿಡಿದು ನೋಡಿದ. ಅವನ ಹಳೆಯ ಉಕ್ಕಿನ ಪಿಸ್ತೂಲಿನ ಎದುರು ಇವು ಆಟಿಕೆಯಷ್ಟು ಹಗುರ. ಎರಡೂ ಕೈ ಚಾಚಿ ಗುರಿ ಹಿಡಿದ. ಪಿಸ್ತೂಲಿನ ಮೂತಿಯ ಮೇಲಿನ ಬಿಳಿ ಚುಕ್ಕಿ ನಿಂತಲ್ಲಿ ನಿಲ್ಲದೆ ನೊಣದ ಹಾಗೆ ಅತ್ತಿತ್ತ ಹಾರಾಡಿತು. ಹಳೆಯದರಲ್ಲಿ ಹೀಗಾಗುತ್ತಿರಲಿಲ್ಲ. ಅದರ ಭಾರವೇ ಕೈಯನ್ನು ಒತ್ತಿ ಹಿಡಿಯುತ್ತಿತ್ತು.

ಕೈನಡುಕ ಶುರುವಾದದ್ದು ಹೋದ ಚಳಿಗಾಲದಲ್ಲಿ. ಸುಮ್ಮನೆ ಕೂತಾಗ ಏನೂ ಇಲ್ಲ. ಲೋಟ ಎತ್ತಿದರೆ, ಚಮಚ ಹಿಡಿದರೆ, ಬೀಗಕ್ಕೆ ಕೀಲಿ ತೂರಿಸಲು ಹೋದರೆ ಬರುತ್ತಿತ್ತು. ಕ್ಲಿನಿಕ್ಕಿನವರು ಜೀವಕ್ಕೇನೂ ಅಪಾಯವಿಲ್ಲ, ಕೆಲವರಿಗೆ ವಯಸ್ಸಾದಂತೆ ಬರುತ್ತದೆ ಎಂದು ಮಾತ್ರೆ ಕೊಟ್ಟರು. ಮಾತ್ರೆ ತಿಂದರೆ ಗ್ರೇಡರಿನಲ್ಲೇ ತೂಕಡಿಕೆ ಬರುತ್ತಿತ್ತು. ಬಿಟ್ಟುಬಿಟ್ಟ. ಗ್ರೇಡರಿನೊಳಗೆ ಹೇಗೂ ಎಲ್ಲವೂ ನಡುಗುತ್ತಿದ್ದದ್ದರಿಂದ ಅವನ ಕೈಯ ನಡುಕ ಅದರಲ್ಲಿ ಮುಚ್ಚಿಹೋಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಲು ಮನೆಯಲ್ಲಿ ಯಾರಿದ್ದರು?

ಆ ದಿನ ಶೆಡ್ಡಿನಲ್ಲಿ ಮೊದಲು ಗ್ಲಾಕಿನಲ್ಲಿ ಹೊಡೆದ. ಗುರಿಗೆಂದು ಅಂಟಿಸಿದ್ದ ಕಾಗದದ ತಟ್ಟೆಯಲ್ಲಿ ಗುಂಡುಗಳು ಕಾಳು ಎರಚಿದ ಹಾಗೆ ಚೆಲ್ಲಾಡಿದ್ದವು. ಅರ್ಧ ತಟ್ಟೆಯ ಹೊರಗೇ ಹೋಗಿದ್ದವು.

"ಈ ಹಿಡಿ ನನಗೆ ಆಗಲ್ಲ. ಮೂಲೆ ಚುಚ್ಚುತ್ತೆ," ಎಂದ.

ಸಿಗ್ಗಿನಲ್ಲಿ ಹೊಡೆದ. ಅದೇ ಕಥೆ.

"ಇದರ ಟ್ರಿಗರ್ ಬೇಗ ಬಿಟ್ಕೊಳ್ಳುತ್ತೆ. ಅಭ್ಯಾಸ ಇಲ್ಲ ನನಗೆ."

"ಇನ್ನೊಂದು ವಾರ ಬಾ. ಅವಸರ ಏನಿದೆ," ಎಂದಳು ಟ್ವೈಲಾ.

ಇನ್ನೊಂದು ಶನಿವಾರ ಬಂದ. ಅದರ ಮುಂದಿನ ಶನಿವಾರವೂ ಬಂದ. ಒಮ್ಮೆ ಗ್ಲಾಕ್ ವಾಸಿ ಎನಿಸುತ್ತಿತ್ತು. ಎರಡು ಗುಂಡು ಪಕ್ಕಪಕ್ಕದಲ್ಲಿ ಬಿದ್ದರೆ ಮುಖ ಅರಳುತ್ತಿತ್ತು. ಮರುಕ್ಷಣವೇ ಮೂರನೆಯದು ಎಲ್ಲೋ ಹೋಗುತ್ತಿತ್ತು. ಆಗ ಸಿಗ್ಗೇ ಸರಿ ಎನ್ನುತ್ತಿದ್ದ. ಒರೆಯನ್ನು ಎಡಕ್ಕೆ ಕಟ್ಟಿದ, ಬಲಕ್ಕೆ ಕಟ್ಟಿದ. ಕನ್ನಡಕದ ಮೇಲೆ, ಶೆಡ್ಡಿನ ದೀಪದ ಮೇಲೆ, ಗುಂಡಿನ ಡಬ್ಬಿಯ ಮೇಲೆ ತಪ್ಪು ಹೊರಿಸಿದ. ಟ್ವೈಲಾ ಪ್ರತಿಸಲ ಹೂಂ ಎನ್ನುತ್ತಿದ್ದಳು. ಹೊಡೆದು ಮುಗಿಸಿ ಬಂದಾಗ ಕಾಫಿ ಕೊಡುತ್ತಿದ್ದಳು, ಲೋಟವನ್ನು ಅರ್ಧ ಮಾತ್ರ ತುಂಬಿಸಿ. ಅದನ್ನು ಅವನು ಗಮನಿಸಿದ್ದ. ಗಮನಿಸಿದ್ದೇನೆಂದು ತೋರಿಸಿಕೊಳ್ಳಲಿಲ್ಲ.

ಪರೀಕ್ಷೆಗೆ ಒಂದು ವಾರ ಉಳಿದಿತ್ತು. ಅಂದು ಅವಳು ತಾನೂ ಕಿವಿಗೆ ಮುಚ್ಚಳ ಹಾಕಿಕೊಂಡು ಅವನ ಸಾಲಿಗೇ ಬಂದಳು. ಗ್ಲಾಕ್ ತೆಗೆದುಕೊಂಡು ಒಂದಾದ ಮೇಲೊಂದು ಗುಂಡು ಹೊಡೆದಳು. ಸಿಗ್ಗಿನಲ್ಲೂ ಹೊಡೆದಳು. ಎರಡು ತಟ್ಟೆಯಲ್ಲೂ ನಡುವೆ ಮುಷ್ಟಿಯಗಲದ ತೂತು.

"ಎರಡೂ ಒಳ್ಳೇ ಪಿಸ್ತೂಲೇ ಆರ್ಲನ್," ಎಂದಳು ಮೆಲ್ಲಗೆ. "ಎಲ್ಲಿ, ನಿನ್ನ ಕೈ ಕೊಡು ನೋಡೋಣ."

ಅವಳು ಅವನ ಬಲಗೈಗೆ ಕೈ ಚಾಚಿದಳು. ಅವನು ಚಟಕ್ಕನೆ ಹಿಂದಕ್ಕೆ ಎಳೆದುಕೊಂಡ.

"ಗ್ಲಾಕ್ ಕೊಡು. ಅದನ್ನೇ ತಗೊಳ್ತೀನಿ."

"ಆರ್ಲನ್..."

"ಗ್ಲಾಕೇ ಬೇಕು ಅಂದ್ನಲ್ಲ. ಪ್ಯಾಕ್ ಮಾಡು."

ವಾರಗಟ್ಟಲೆ ಅಳೆದು ತೂಗಿದವನು ಕೊನೆಗೆ ಆಯ್ದದ್ದು ಹಾಗೆ. ಆ ಗಳಿಗೆಯಲ್ಲಿ ಕೈಗೆ ಸಿಗ್ ಹತ್ತಿರವಿದ್ದಿದ್ದರೆ ಸಿಗ್ಗನ್ನೇ ಕೇಳುತ್ತಿದ್ದನೇನೋ. ಟ್ವೈಲಾ ಪಿಸ್ತೂಲನ್ನು ಡಬ್ಬಿಗೆ ಹಾಕಿ ಮುಂದಕ್ಕೆ ತಳ್ಳಿದಳು.

ಪರೀಕ್ಷೆ ನಡೆದದ್ದೂ ಅದೇ ಶೆಡ್ಡಿನಲ್ಲಿ. ಇಪ್ಪತ್ತೈದು ಗುಂಡು, ಅದರಲ್ಲಿ ಇಪ್ಪತ್ತಾದರೂ ತಟ್ಟೆಯೊಳಗೆ ಬೀಳಬೇಕು. ತಂಡದ ಉಳಿದವರು ನಗುನಗುತ್ತ ಹೊಡೆದು ಮುಗಿಸಿ, ಹೊರಗೆ ನಿಂತು ಬೇಟೆಯ ಸುದ್ದಿ ಮಾತಾಡುತ್ತಿದ್ದರು. ಆರ್ಲನ್ ಕೊನೆಯವನಾಗಿ ನಿಂತ. ಹೊಡೆದು ಮುಗಿಸಿದ ಮೇಲೆ ನಾರಿಸ್ ತಟ್ಟೆಯನ್ನು ಕಿತ್ತು ತಂದು, ಬೆಳಕಿಗೆ ಹಿಡಿದು, ದೊಡ್ಡ ದನಿಯಲ್ಲಿ ಎಣಿಸಿದ. ಅವನ ದಪ್ಪ ಹೆಬ್ಬೆರಳು ತಟ್ಟೆಯ ಮೇಲೆ ಬಹಳ ಉದಾರವಾಗಿ ಓಡಾಡಿತು.

"ಅಂಚು ಮುಟ್ಟಿದ್ದು ಒಳಗಿನ ಲೆಕ್ಕ... ಇದೊಂದೇ ತೂತಲ್ಲಿ ಎರಡು ಹೋಗಿರಬೇಕು... ಇಪ್ಪತ್ತು! ಸಾಕು ಬಿಡು, ಪಾಸು."

ಎಂದವನೇ ತಟ್ಟೆಯನ್ನು ಮುದುರಿ ಕಸದ ಡಬ್ಬಿಗೆ ಹಾಕಿದ. ಆರ್ಲನ್‌ಗೂ ಕಣ್ಣಿತ್ತು. ಅವನು ಕಂಡ ತೂತುಗಳು ಅಷ್ಟಿರಲಿಲ್ಲ. ಅಂಗಡಿ ಕಡೆಯ ಗಾಜಿನ ಕಿಟಕಿಯ ಆಚೆ ಟ್ವೈಲಾ ತಲೆ ತಗ್ಗಿಸಿ ಏನನ್ನೋ ಒರೆಸುತ್ತಿದ್ದಳು. ಕೇಳಿಬಿಡಲೇ ಎಂದುಕೊಂಡ. ಕೇಳಿದರೆ ಬಾಗಿಲ ಕಾವಲು ಕೈತಪ್ಪುತ್ತದೆ. "ಥ್ಯಾಂಕ್ಸ್ ನಾರಿಸ್," ಎಂದು ಹೊರಗೆ ಬಂದು ಉಳಿದವರ ಜೊತೆ ನಿಂತು ಅವನೂ ನಕ್ಕ.

ಮರುದಿನ ಭಾನುವಾರ. ಹೊಸ ಪಿಸ್ತೂಲು ಕೋಟಿನಡಿಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಅಡಗಿತ್ತು. ಆರಾಧನೆಗೆ ಮುಂಚಿನ ಹೊತ್ತು. ಹಜಾರದಲ್ಲಿ ಕಾಫಿಯ ವಾಸನೆ, ಡೋನಟ್ಟಿನ ಡಬ್ಬಿಗಳು, ಸಂಡೇ ಸ್ಕೂಲಿನ ಕೋಣೆಗಳಿಂದ ಮಕ್ಕಳು ಹೊರಗೆ ನುಗ್ಗುತ್ತಿದ್ದರು. ಆರ್ಲನ್ ಯಾರದೋ ಕೈ ಕುಲುಕಿ ಹಾಳೆ ಕೊಡುತ್ತಿದ್ದ.

ಹಿಂದಿನಿಂದ ಗುಂಡು ಹಾರಿದಂಥ ಸದ್ದಾಯಿತು. ಹಿಂದೆಯೇ ಇನ್ನೊಂದು.

ಚರ್ಚಿನ ಊಟದ ಮನೆಯಲ್ಲಿ ಮಡಿಸುವ ಮೇಜುಗಳ ಸಾಲು ಸಿಮೆಂಟ್ ನೆಲದ ಮೇಲೆ ಕುಸಿದಿತ್ತು, ಅಷ್ಟೇ. ಯಾರೋ ಅಲ್ಲಿಂದ, "ಏನಿಲ್ಲ, ಏನಿಲ್ಲ, ಮೇಜು!" ಎಂದು ಕೂಗಿದರು. ಅಷ್ಟರಲ್ಲಿ ಆರ್ಲನ್ ಸದ್ದು ಬಂದ ಕಡೆಗೆ ತಿರುಗಿದ್ದ, ಅವನ ಕೈ ಕೋಟಿನೊಳಗೆ ಹೋಗಿ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಪಿಸ್ತೂಲು ಒರೆ ಬಿಟ್ಟು ಬಂದಿರಲಿಲ್ಲ. ಆದರೆ ಕೈ ನಡುಗುತ್ತಿತ್ತು, ಎಂದೂ ನಡುಗದಷ್ಟು. ಸೊಂಟದ ಕೀಲಿಗೊಂಚಲು ಅದಕ್ಕೆ ತಾಗಿ ಗಿಲಿಗಿಲಿ ಎನ್ನುತ್ತಿತ್ತು. ತೆಗೆದಿದ್ದರೆ ಮೂತಿ ಎತ್ತ ತಿರುಗುತ್ತಿತ್ತೋ ಅತ್ತ ಅವನ ಕಣ್ಣು ಹೋಯಿತು. ಸಂಡೇ ಸ್ಕೂಲಿನ ಓಣಿ. ಮಕ್ಕಳೆಲ್ಲ ಅಲ್ಲೇ ನಿಂತಿದ್ದರು.

ಅವರ ಮುಂದೆ ವಿಲ್ಲಾ ಎಂಬ ಪುಟ್ಟ ಹುಡುಗಿ, ಬಾಯಿಯ ಸುತ್ತ ಸಕ್ಕರೆ ಮೆತ್ತಿಕೊಂಡು, ಅವನನ್ನೇ ನೋಡುತ್ತಿದ್ದಳು.

"ಮಿಸ್ಟರ್ ಆರ್ಲನ್, ನಿಮಗೆ ಚಳಿ ಆಗ್ತಿದ್ಯಾ?"

"ಹೂಂ ಪುಟ್ಟಿ, ಸ್ವಲ್ಪ."

"ಕೋಟು ಹಾಕ್ಕೊಂಡಿದೀರಲ್ಲ."

"ಹಾಕ್ಕೊಂಡ್ರೂ ಆಗ್ತಿದೆ."

ಅವನು ಕೈಯನ್ನು ಹೊರಗೆ ತೆಗೆದು, ಒಂದೊಂದೇ ಬೆರಳು ಬಿಡಿಸಿ, ಕಂಕುಳಲ್ಲಿ ಅದುಮಿಕೊಂಡ. ಆರಾಧನೆ ಮುಗಿಯುವ ತನಕ ಹಾಗೆಯೇ ನಿಂತಿದ್ದ. ಪಾಸ್ಟರ್ ಏನು ಹೇಳಿದರೋ ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಎಲ್ಲರೂ ಹೋದ ಮೇಲೆ ನಾರಿಸ್ ತನ್ನ ಟ್ರಕ್ಕಿನ ಬಾಗಿಲು ತೆಗೆಯುತ್ತಿದ್ದ. ಆರ್ಲನ್ ಹತ್ತಿರ ಹೋಗಿ ನಿಂತ.

"ನಿನ್ನೆ ಎಷ್ಟಿತ್ತು ನಾರಿಸ್?"

"ಏನು ಎಷ್ಟು?"

"ತಟ್ಟೇಲಿ."

"ಇಪ್ಪತ್ತು ಅಂದ್ನಲ್ಲ."

"ನಿಜ ಹೇಳಿ."

ನಾರಿಸ್ ಟ್ರಕ್ಕಿನ ಬಾಗಿಲನ್ನು ಮತ್ತೆ ಮುಚ್ಚಿದ. "ಹದಿನಾಲ್ಕು," ಎಂದ.

"ಗೊತ್ತಿದ್ದೂ ಯಾಕೆ ಹಾಗೆ ಮಾಡಿದ್ರಿ? ಅಲ್ಲಿ ಮಕ್ಕಳಿರ್ತಾರೆ."

"ಬಾಗಿಲು ತಪ್ಪಿದ್ರೆ ನೀನು ಚರ್ಚಿಗೇ ಬರಲ್ಲ ಅಂತ ಗೊತ್ತಿತ್ತು ಕಣೋ. ಹಿಂದೆ ಒಂದ್ಸಲ ನೋಡಿದೀನಲ್ಲ." ನಾರಿಸ್‌ನ ದನಿ ತಗ್ಗಿತು. "ಹೋಗಲಿ, ಪಿಸ್ತೂಲು ಬೇಡ. ಬರೀ ಹಾಳೆ ಹಂಚ್ಕೊಂಡು ನಿಂತ್ಕೋ. ಯಾರು ಬೇಡ ಅಂತಾರೆ?"

ಆರ್ಲನ್ ಅದನ್ನೂ ಯೋಚಿಸಿದ. ಹಾಳೆ ಹಿಡಿದ ಕೈ ಹೇಗೆ ಕಾಣುತ್ತದೆಂದು ಅವನಿಗೆ ಗೊತ್ತಿತ್ತು. "ಪಾಪ ಅಂತ ನನ್ನ ಅಲ್ಲಿ ನಿಲ್ಲಿಸಬೇಡಿ ನಾರಿಸ್. ಅದೊಂದು ಬೇಡ," ಎಂದ.

ಶನಿವಾರ ಗ್ಲಾಕನ್ನು ಡಬ್ಬಿಯ ಸಮೇತ ಟ್ವೈಲಾಳ ಮುಂದೆ ಇಟ್ಟ. ಯಾರಾದರೂ ಕೇಳಿದರೆ ಮಾರಿಬಿಡು ಎಂದ. ಹಳೆಯ ಉಕ್ಕಿನದನ್ನೂ ತಂದಿದ್ದ. ಇನ್ನು ಮನೆಯಲ್ಲಿ ಬೇಡ, ಒಬ್ಬನೇ ಇರುತ್ತೇನೆ ಎಂದ. ಅವಳು ಅವನ ಮುಖವನ್ನು ಒಂದು ಕ್ಷಣ ದಿಟ್ಟಿಸಿದಳು.

"ಬೇರೆ ಏನೂ ಯೋಚನೆ ಇಲ್ಲ ತಾನೆ? ಸುಳ್ಳು ಹೇಳಬೇಡ ನನ್ನ ಹತ್ರ."

"ಇಲ್ಲ ಮಾರಾಯ್ತಿ. ಇದ್ದಿದ್ರೆ ತಂದು ಕೊಡ್ತಿದ್ನಾ?"

"ಸರಿ." ಎರಡನ್ನೂ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಅವತ್ತು ಕೈ ಕೊಡು ಅಂದಿದ್ದಕ್ಕೆ ಕೋಪ ಬಂತಾ?"

"ಬಂತು."

"ಬರಲಿ. ನಮ್ಮಮ್ಮಂಗೂ ಇತ್ತು ಅದು. ಸೂಜಿಗೆ ದಾರ ಪೋಣಿಸೋಕೆ ಆಗ್ತಿರಲಿಲ್ಲ, ಯಾರನ್ನೂ ಕೇಳ್ತಿರಲಿಲ್ಲ. ಹರಿದ ಬಟ್ಟೇಲೇ ಓಡಾಡೋಳು." ಅವಳು ಕಾಫಿ ಬಗ್ಗಿಸಲು ಹೋದಳು. ಅವನು ಬೇಡವೆಂದು ಹೊರಟ. ಇಡೀ ಮಧ್ಯಾಹ್ನ ಅವನ ಮುಂದೆ ಖಾಲಿ ಬಿದ್ದಿತ್ತು. ಮಾಡಲು ಏನೂ ಇರಲಿಲ್ಲ. ಆದರೂ ಕೂತು ಮಾತು ಕೇಳಿಸಿಕೊಳ್ಳಲು ಅಂದು ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಎರಡು ಸಲ ಕೋಟು ಹಾಕಿ ತೆಗೆದ. ಸೊಂಟದ ಒಂದು ಪಕ್ಕ ಹಗುರವಾಗಿ, ನಡಿಗೆಯೇ ವಾಲಿದಂತಿತ್ತು. ಕೊನೆಗೆ ಹೋದ, ತಡವಾಗಿ ಹೋದ. ಬಾಗಿಲಲ್ಲಿ ಟ್ರೆಂಟ್ ಎಂಬ ಹೊಸ ಯುವಕ ನಿಂತಿದ್ದ, ಗೋದಾಮಿನ ಕೆಲಸಕ್ಕೆಂದು ಆಗಷ್ಟೇ ಊರಿಗೆ ಬಂದವನು. ಅವನು ಅಗಲವಾಗಿ ನಕ್ಕು ಕೈ ಚಾಚಿದ.

"ನಮಸ್ಕಾರ ಸಾರ್, ಸ್ವಾಗತ. ಇದೇ ಮೊದಲ ಸಲವಾ ನಮ್ಮ ಚರ್ಚಿಗೆ ಬರ್ತಿರೋದು?"

ಆರ್ಲನ್ ಆ ಕೈಯನ್ನು ಕುಲುಕಿದ. ಎಷ್ಟೋ ಜನರನ್ನು ತಾನೇ ಕೇಳಿದ ಮಾತು. "ಇಲ್ಲಪ್ಪ, ಬಂದಿದೀನಿ ಮುಂಚೆ," ಎಂದು ಒಳಗೆ ಹೋದ.

ಹಿಂದಿನಿಂದ ಎರಡನೆಯ ಬೆಂಚು ಖಾಲಿಯಿತ್ತು. ಅದರ ನಡುವೆ ಕೂತ. ಎರಡು ಪಕ್ಕದಲ್ಲೂ ಯಾರೂ ಇರಲಿಲ್ಲ. ಕೂತಾಗ ಮುಂದಿನವರ ಕುತ್ತಿಗೆಗಳು ಮಾತ್ರ ಕಾಣುತ್ತವೆ ಎನ್ನುವುದನ್ನು ಅವನು ಮರೆತೇಬಿಟ್ಟಿದ್ದ. ಬಾಗಿಲಲ್ಲಿ ನಿಂತಾಗ ಎಲ್ಲರ ಮುಖ ಕಾಣುತ್ತಿತ್ತು. ಹಾಡಿನ ಪುಸ್ತಕ ಕೈಯಲ್ಲಿ ಕುಣಿಯುತ್ತದೆಂದು ಅದನ್ನು ತೊಡೆಯ ಮೇಲೇ ಬಿಟ್ಟು, ಬಾಯಿಪಾಠ ಬಂದಷ್ಟು ಹಾಡಿದ.

ಆಮೇಲೆ ಕರ್ತನ ಭೋಜನ, ಸಭೆಯವರೆಲ್ಲ ಒಟ್ಟಿಗೆ ದ್ರಾಕ್ಷಾರಸ ಸೇವಿಸುವ ವಿಧಿ. ತಿಂಗಳ ಮೊದಲ ಭಾನುವಾರವೆಂಬುದು ಅವನ ತಲೆಯಲ್ಲೇ ಇರಲಿಲ್ಲ. ಬಾಗಿಲಲ್ಲಿ ನಿಂತವರಿಗೆ ಅದನ್ನು ಹಿಂದೆಯೇ ತಂದು ಕೊಡುತ್ತಿದ್ದರು. ಕೂತವರು ಮಾತ್ರ, ದ್ರಾಕ್ಷಾರಸದ ಪುಟ್ಟ ಗಾಜಿನ ಬಟ್ಟಲುಗಳನ್ನು ಜೋಡಿಸಿದ ದೊಡ್ಡ ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸಬೇಕು. ಪಿಯಾನೋ ಮೆತ್ತಗೆ ನುಡಿಯುತ್ತಿತ್ತು, ಸಭೆ ತಲೆ ಬಾಗಿಸಿತ್ತು. ತಟ್ಟೆ ಒಂದೊಂದೇ ಬೆಂಚು ದಾಟಿ ಹಿಂದೆ ಬರುವುದನ್ನು ಆರ್ಲನ್ ನೋಡುತ್ತಿದ್ದ. ಎದ್ದು ಹೋಗಿಬಿಡೋಣ ಎಂದುಕೊಂಡ. ಎದ್ದರೆ ಟ್ರೆಂಟ್‌ನ ಮುಂದೆಯೇ ಹಾದು ಹೋಗಬೇಕು.

ಹಿರಿಯರೊಬ್ಬರು ಬೆಂಚಿನ ತುದಿಯಿಂದ ಬಗ್ಗಿ ತಟ್ಟೆಯನ್ನು ಅವನ ಎರಡೂ ಕೈಗೆ ಇಟ್ಟರು. ಇಟ್ಟು ಬೇರೆ ಸಾಲಿಗೆ ತಿರುಗಿದರು. ಆ ಕ್ಷಣವೇ ಬಟ್ಟಲುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನತೊಡಗಿದವು. ಅವನು ಹಿಡಿತ ಬಿಗಿ ಮಾಡಿದ; ಸದ್ದು ಇನ್ನೂ ಜೋರಾಯಿತು. ಬಟ್ಟಲಿನಿಂದ ಕೆಂಪು ರಸ ತುಳುಕಿ ಅವನ ತೋಳಿಗೆ ಇಳಿಯಿತು. ತಟ್ಟೆಯನ್ನು ದಾಟಿಸಲು ಪಕ್ಕದಲ್ಲಿ ಯಾರೂ ಇಲ್ಲ, ಬಟ್ಟಲು ತೆಗೆದುಕೊಳ್ಳಲು ಬಿಡುವಾದ ಕೈ ಇಲ್ಲ. ಅಲ್ಲಲ್ಲಿ ತಲೆಗಳು ತಿರುಗಿದವು.

ಮುಂದಿನ ಬೆಂಚಿನಲ್ಲಿ ಫೇ ಓಡಮ್ ಎಂಬಾಕೆ ಕೂತಿದ್ದಳು, ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಬಾಗಿಲಲ್ಲಿ ಅವನ ಕೈ ಹಿಡಿದು ಮಂಡಿನೋವು ಹೇಳುತ್ತಿದ್ದವರಲ್ಲಿ ಒಬ್ಬಳು. ಅವಳು ಹಿಂದಕ್ಕೆ ತಿರುಗಿ, ಬೆಂಚಿನ ಬೆನ್ನಿನ ಮೇಲೆ ಮೊಣಕೈ ಊರಿ, ತಟ್ಟೆಯ ಎರಡೂ ಕಡೆ ಹಿಡಿದಳು.

"ಬಿಡಪ್ಪ, ನಾನು ಹಿಡ್ಕೊಂಡಿದೀನಿ," ಎಂದಳು ಪಿಸುದನಿಯಲ್ಲಿ. "ನೀನು ತಗೋ. ನಿಧಾನಕ್ಕೆ ತಗೋ."

ಸದ್ದು ನಿಂತಿತು. ಅವನು ಎರಡೂ ಕೈಯಿಂದ ಒಂದು ಬಟ್ಟಲು ತೆಗೆದುಕೊಂಡು ಎದೆಗೆ ಒತ್ತಿ ಹಿಡಿದ. ಅರ್ಧ ಚೆಲ್ಲಿತು, ಅರ್ಧ ಉಳಿಯಿತು. ಫೇ ತಟ್ಟೆಯನ್ನು ಆ ಹಿರಿಯರ ಕೈಗೆ ಕೊಟ್ಟು, ತನ್ನ ಕರವಸ್ತ್ರವನ್ನು ಅವನ ಕಡೆ ಚಾಚಿ, ಮತ್ತೆ ಮುಂದಕ್ಕೆ ತಿರುಗಿದಳು. ಬಟ್ಟಲಲ್ಲಿ ಉಳಿದದ್ದನ್ನು ಅವನು ಎಲ್ಲರ ಜೊತೆಗೆ ಕುಡಿದ.

ಆರಾಧನೆ ಮುಗಿದ ಮೇಲೆ ಕರವಸ್ತ್ರ ಹಿಂತಿರುಗಿಸಲು ನೋಡಿದ. ಅವಳಾಗಲೇ ಮಗಳ ಗಾಡಿ ಹತ್ತಿ ಹೋಗಿದ್ದಳು. ನಾರಿಸ್ ದೂರದಿಂದ ಕೈಯೆತ್ತಿದ. ಆರ್ಲನ್ ಒಂದು ಬೆರಳು ಎತ್ತಿದ. ಊರಿನ ಹೋಟೆಲಿನಲ್ಲಿ ಒಬ್ಬನೇ ಕೂತು ಕರಿದ ಕೋಳಿ, ಆಲೂಗಡ್ಡೆ ತಿಂದು ಮನೆಗೆ ಹೋದ. ಅಂಗಿಯ ತೋಳನ್ನು ಸಿಂಕಿನಲ್ಲಿ ನೆನೆಹಾಕಿದ, ಕಲೆ ಪೂರ್ತಿ ಹೋಗಲಿಲ್ಲ. ಕರವಸ್ತ್ರವನ್ನು ಒಗೆದು ಒಣಹಾಕಿದ.

ಮುಂದಿನ ಭಾನುವಾರವೂ ಹೋದ. ಅವನು ಕೂತ ಬೆಂಚಿನಲ್ಲಿ ಅಂದೂ ಬೇರೆ ಯಾರೂ ಇರಲಿಲ್ಲ. ಆದರೆ ಈ ಸಲ ಅವನು ನಡುವೆ ಕೂರಲಿಲ್ಲ. ಬರುವವರಿಗೆ ಜಾಗವಾಗಲೆಂದು ಗೋಡೆಯ ಕಡೆಯ ತುದಿಗೆ ಸರಿದು ಕೂತ.